ಹುಣಸೆಹಣ್ಣು ಹಾಕಿ ತೊಳೆದ ಗಾಳಿ ಪಂಪು

ನಮ್ಮ ಮನೆಯ ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಭಾರಕ್ಕೆಂದು ಒಂದು ಹಿತ್ತಾಳೆಯ ಉರುಟು ಸಾಮಾನು ಇಟ್ಟಿದ್ದೇನೆ. ಗೇಣುದ್ದವಿದೆ. ಮೇಲೆ ದಪ್ಪ, ಕೆಳಗೆ ಸಣ್ಣ, ತಳದಲ್ಲಿ ತಿರುಪಿನ ಗೆರೆ, ಪಕ್ಕದಲ್ಲೊಂದು ಮೂಗು. ಕಪ್ಪು ಹಿಡಿದು ಹಿತ್ತಾಳೆಯೋ ಕಬ್ಬಿಣವೋ ಗೊತ್ತಾಗದ ಹಾಗಾಗಿದೆ. ಭರಣಿಗೆ ಅದರ ಬಣ್ಣದಿಂದ ಏನಾಗಬೇಕು, ಭಾರವಿದ್ದರೆ ಸಾಕು.

ಹೋದ ವಾರ ಹಬ್ಬಕ್ಕೆ ಮುಂಚೆ ಮೊಮ್ಮಗಳು ಸೆಲ್ವಿ ಹಿತ್ತಲಲ್ಲಿ ಕೂತು ಮನೆಯ ಹಿತ್ತಾಳೆ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಬೂದಿ ಹಾಕಿ ಉಜ್ಜುತ್ತಿದ್ದಳು. ದೀಪ ಆಯಿತು, ಚೊಂಬಾಯಿತು, ಆಮೇಲೆ ಈ ಉರುಟನ್ನು ಕೈಗೆ ತೆಗೆದುಕೊಂಡಳು. ನಾನು ಕೂತಲ್ಲಿಂದಲೇ ಕೂಗಿದ ಕೂಗಿಗೆ ಅವಳ ಕೈಯಲ್ಲಿದ್ದ ಹುಣಸೆಹಣ್ಣು ಬಚ್ಚಲಿಗೆ ಬಿತ್ತು.

"ಯಾಕಜ್ಜಿ ಇಂಗೆ ಕಿರಿಚ್ತೀಯ? ಇದೂ ಪಿತ್ತಳೈ ತಾನೇ?"

"ಇತ್ತಾಳೆನೇ. ಅದಕ್ಕೇ ಏಳ್ತಿರೋದು, ಇಡು ಕೆಳಗೆ."

"ಏನಿದು?"

"ಗಾಳಿ ಪಂಪು. ನಿಮ್ಮ ತಾತನ ಕಾರಿಂದು."

ಅವಳು ನಂಬಲಿಲ್ಲ. ಸೈಕಲ್ ಅಂಗಡಿಯವನ ಪಂಪು ಉದ್ದ ಇರುತ್ತದೆ, ಹಿಡಿ ಇರುತ್ತದೆ, ಇದಕ್ಕೆ ಹಿಡಿಯೆಲ್ಲಿ ಎಂದಳು. ಹಿಡಿಯಿಲ್ಲದ ಪಂಪು ಕಣೇ, ಇದು ಬರುವ ಮುಂಚೆ ಹಿಡಿಯಾಗಿದ್ದವಳು ನಾನು ಎಂದೆ. ಅದೂ ಅರ್ಥವಾಗಲಿಲ್ಲ. ಕೊನೆಗೆ ಕಥೆಯನ್ನು ಮೊದಲಿಂದ ಹೇಳಬೇಕಾಯಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಪಳ್ಳಿಕೂಡಕ್ಕೆ ಹೋದದ್ದು ಮೂರು ವರ್ಷ, ಅದೂ ತಮಿಳಿನಲ್ಲಿ. ಕನ್ನಡದ ಅಕ್ಷರ ಅಪ್ಪ ಜಗುಲಿಯಲ್ಲಿ ಮರಳು ಹರಡಿ ತಿದ್ದಿಸಿದ್ದು. ಒತ್ತಕ್ಷರ ಅಲ್ಲಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದರೆ, ನಮ್ಮ ಮನೆ ಮಾತಿನಲ್ಲಿ ಹಕಾರ ಉದುರಿದ್ದರೆ, ನೀವೇ ಎತ್ತಿ ನಿಲ್ಲಿಸಿಕೊಳ್ಳಿ.

ನಾನು ಸೇಲಂ ಹತ್ತಿರದ ಈ ಎಡಪ್ಪಾಡಿಗೆ ಸೊಸೆಯಾಗಿ ಬಂದಾಗ ಮೇಟ್ಟೂರಿನ ಅಣೆಕಟ್ಟು ಕಟ್ಟಿ ಮುಗಿದ ಹೊಸತು. ಮನೆಯಲ್ಲಿ ಮೂರು ಮಗ್ಗ. ಮಾವ ಒಂದರಲ್ಲಿ ಕೂತರೆ ಮೈದುನ ಚಿನ್ನಪ್ಪ ಇನ್ನೊಂದರಲ್ಲಿ. ಮೂರನೆಯದು ಮೂಲೆ ಮಗ್ಗ, ಅದರ ಗುಂಡಿ ಖಾಲಿ. ಕಾಲು ಇಳಿಬಿಟ್ಟು ಕೂರುವ ಆ ಗುಂಡಿ ನಮ್ಮನೆಯವರದು, ಅಂದರೆ ನನ್ನ ಗಂಡನದು. ಅವರು ಹದಿನೆಂಟಕ್ಕೇ ಅದರಿಂದ ಎದ್ದು ಏರ್ಕಾಡಿಗೆ ಓಡಿಹೋಗಿ ಕಾಫಿ ಎಸ್ಟೇಟಿನ ದೊರೆಯ ಹತ್ತಿರ ಕಾರು ಓಡಿಸಲು ಕಲಿತಿದ್ದರು. ಮದುವೆಯಾದ ವರ್ಷವೇ ದೊರೆ ತನ್ನ ದೇಶಕ್ಕೆ ಹೊರಟ. ಹೊರಡುವಾಗ ತನ್ನ ಹಳೆಯ ಕಾರನ್ನು ಇವರ ತಲೆಗೆ ಕಟ್ಟಿದ. ಬಟ್ಟೆಯ ಮೇಲ್ಛಾವಣಿ, ಎರಡು ಪಕ್ಕಕ್ಕೂ ಕಾಲಿಡುವ ಹಲಗೆ, ಎತ್ತಿನ ಕೊಂಬಿನಂಥ ಲೈಟು. ಘಾಟ್ ಇಳಿಸಿಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿದರು. ಮಾವ ಹೊರಗೆ ಬಂದು ಸುತ್ತ ಒಂದು ಸಲ ನೋಡಿ, "ಇದು ಸಗಣಿನಾದ್ರೂ ಆಕ್ತೈತಾ?" ಎಂದು ಕೇಳಿ ಒಳಗೆ ಹೋಗಿ ಗುಂಡಿಯಲ್ಲಿ ಕಾಲಿಟ್ಟರು.

ರಸ್ತೆ ಇರುವ ಊರಿಗೆ ಬಸ್ಸು ಇತ್ತು. ಹಾಗಾಗಿ ನಮ್ಮ ಕಾರು ಹೋಗುತ್ತಿದ್ದದ್ದೆಲ್ಲ ರಸ್ತೆ ಇಲ್ಲದ ಊರಿಗೆ. ಸೀರೆ ಗಂಟು, ಬಸುರಿಯರು, ಸಂಬಂಧ ನೋಡಲು ಹೊರಟವರು, ಒಂದು ಸಲ ಒಂದು ಹೋತ. ಎಷ್ಟೋ ಸಲ ನಾನೂ ಹೋಗುತ್ತಿದ್ದೆ. ಅದು ಗಂಡನ ಮೇಲಿನ ಪ್ರೀತಿಗೆ ಎಂದುಕೊಳ್ಳಬೇಡಿ. ಗಾಳಿ ಹೊಡೆಯುವುದಕ್ಕೆ.

ನಮ್ಮ ಸೀಮೆಯ ಹಳ್ಳಗಳಲ್ಲಿ ನೀರಿಗಿಂತ ಮರಳು ಹೆಚ್ಚು. ಗಟ್ಟಿ ಗಾಳಿ ತುಂಬಿದ ಚಕ್ರ ಮರಳಿಗಿಳಿದರೆ ಕೊರೆದುಕೊಂಡು ಹೂತುಹೋಗುತ್ತದೆ. ಹಳ್ಳಕ್ಕೆ ಇಳಿಯುವ ಮೊದಲು ನಾಲ್ಕು ಚಕ್ರದ ಗಾಳಿಯನ್ನೂ ಅರ್ಧಕ್ಕರ್ಧ ಬಿಟ್ಟರೆ ಅದು ಒಂಟೆಯ ಪಾದದ ಹಾಗೆ ಅಗಲವಾಗಿ ಮರಳಿನ ಮೇಲೆ ತೇಲಿಕೊಂಡು ಹೋಗುತ್ತದೆ. ಅಲ್ಲಿಯವರೆಗೆ ಸುಖ. ಆಚೆ ದಡ ಹತ್ತಿದ ಮೇಲೆ ಕಲ್ಲುದಾರಿ. ಸಡಿಲ ಚಕ್ರ ಕಲ್ಲಿನ ಮೇಲೆ ಹೋದರೆ ಒಳಗಿನ ಟ್ಯೂಬು ಸಿಕ್ಕಿಕೊಂಡು ಹರಿಯುತ್ತದೆ. ಆದ್ದರಿಂದ ಬಿಟ್ಟ ಗಾಳಿಯನ್ನು ಮತ್ತೆ ತುಂಬಬೇಕು. ತುಂಬುವುದು ಕೈಪಂಪಿನಲ್ಲಿ. ಒಂದು ಚಕ್ರಕ್ಕೆ ಮುನ್ನೂರು ಸಲ ಎತ್ತಿ ಒತ್ತಬೇಕು. ಚಕ್ರ ನಾಲ್ಕು. ವಾಪಸ್ ಬರುವಾಗ ಮತ್ತೆ ಅದೇ ಹಳ್ಳ.

ಇವರು ಒಂದು ಚಕ್ರ ಹೊಡೆದು, "ಸ್ಟೀರಿಂಗ್ ಇಡಿಯೋ ಕೈ ನಡುಗಬಾರದು ಕಣೇ" ಎಂದು ಹುಣಸೆಮರದ ನೆರಳಿಗೆ ಹೋಗಿ ಬೀಡಿ ಹಚ್ಚುತ್ತಿದ್ದರು. ಮಿಕ್ಕ ಮೂರು ನನ್ನವು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ಪಂಪು ಒತ್ತುವುದನ್ನು ನೋಡಲು ಹೊಲದ ಹೆಂಗಸರು ಕಳೆ ಕೀಳುವುದು ಬಿಟ್ಟು ಬರುತ್ತಿದ್ದರು. "ಏನಕ್ಕಾ, ಗಂಡನ ಗಾಡಿಗೆ ಉಸಿರು ಕೊಡೋಳು ನೀನೇನಾ?" ಎಂದು ಒಬ್ಬಳು ಕೇಳಿದಳು. "ನಿನ್ನ ಗಂಡನಿಗೂ ಬೇಕಾದ್ರೆ ಕಳ್ಸು, ಎರಡು ಒತ್ತು ಒತ್ತಿ ಕಳಿಸ್ತೀನಿ" ಎಂದೆ. ಅವಳು ಕಳೆ ಕೀಳಲು ಓಡಿದಳು.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ನಾನು ಬಸುರಿಯಾದೆ. ಐದು ತಿಂಗಳಾದಾಗ ಅತ್ತೆ ಕೈಪಂಪನ್ನು ನನ್ನ ಕೈಯಿಂದ ಕಿತ್ತುಕೊಂಡು ಮಗನ ಮುಂದೆ ಎಸೆದರು. "ಇನ್ಮೇಲೆ ಇವಳು ಮುಟ್ಟಲ್ಲ. ಪೋದುಂ, ಸಾಕಿನ್ನು. ನಿನ್ನ ಕೈ ನಡುಗಿದ್ರೆ ನಡುಗ್ಲಿ."

ಇವರು ನಾಲ್ಕು ದಿನ ಯೋಚನೆ ಮಾಡಿ ಏರ್ಕಾಡಿಗೆ ಹೋದರು. ಅಲ್ಲಿಂದ ಬಂದದ್ದೇ ಈ ಉರುಟು. ದೊರೆಯ ಷೆಡ್ಡಿನಲ್ಲಿ ಮೂಲೆಗೆ ಬಿದ್ದಿತ್ತಂತೆ. ಸೇಲಂನ ಒಬ್ಬ ಫಿಟ್ಟರ್ ಅದಕ್ಕೆ ಹೊಸ ತೊಗಲಿನ ಬಿಲ್ಲೆ ಹಾಕಿ ಉದ್ದದ ರಬ್ಬರ್ ಕೊಳವೆ ಜೋಡಿಸಿ ಕೊಟ್ಟಿದ್ದ. ಅದು ಕೆಲಸ ಮಾಡುವ ರೀತಿ ಕೇಳಿದರೆ ನಗು ಬರುತ್ತದೆ. ಇಂಜಿನ್ನಿನ ನೆತ್ತಿಯಲ್ಲಿ ನಾಲ್ಕು ಪ್ಲಗ್ಗು. ಒಂದನ್ನು ಬಿಚ್ಚಿ ಆ ತೂತಿಗೆ ಇದನ್ನು ತಿರುಪಿ ಕೂರಿಸುವುದು. ಇಂಜಿನ್ನು ಮೂರರಲ್ಲಿ ಕುಂಟುತ್ತ ಓಡುತ್ತದೆ, ನಾಲ್ಕನೆಯದರ ಉಸಿರು ಪಂಪಿನ ಒಳಗಿನ ಕೊಂತವನ್ನು, ಅಂದರೆ ಪಿಸ್ಟನ್ನನ್ನು, ಮೇಲೆ ಕೆಳಗೆ ಆಡಿಸುತ್ತದೆ. ಕೊಂತದ ತಲೆಗಿರುವ ತೊಗಲು ಹೊರಗಿನ ಗಾಳಿ ಎಳೆದು ಕೊಳವೆಯ ಮೂಲಕ ಚಕ್ರಕ್ಕೆ ನೂಕುತ್ತದೆ. ಅಂದರೆ ಗಾಡಿ ತನ್ನ ಕಾಲಿಗೆ ತಾನೇ ಊದಿಕೊಳ್ಳುತ್ತದೆ. ಇದನ್ನು ಎರಡು ವರ್ಷ ಮೊದಲೇ ತರಲು ಇವರಿಗೆ ಏನಾಗಿತ್ತು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಎಡಗಡೆಯ ಹಲಗೆಯ ಮೇಲೆ ಒಂದು ಮರದ ಪೆಟ್ಟಿಗೆ ಕೂರಿಸಿದರು. ಒಳಗೆ ನೂಲಿನ ಕಂಡಿಕೆ ಇಡುವ ಪೆಟ್ಟಿಗೆಯ ಹಾಗೆ ಮನೆ ಮನೆ ಮಾಡಿ, ಒಂದರಲ್ಲಿ ಪಂಪು, ಒಂದರಲ್ಲಿ ಸುತ್ತಿಟ್ಟ ಕೊಳವೆ, ಒಂದರಲ್ಲಿ ಸ್ಪ್ಯಾನರ್, ಬಿಸಿ ಪ್ಲಗ್ಗು ಹಿಡಿಯಲು ನನ್ನ ಹಳೆ ಸೀರೆಯ ತುಂಡು. ನೇಕಾರನ ಮಗನ ಬುದ್ಧಿ ಎಲ್ಲಿಗೆ ಹೋದೀತು.

ಮೊದಲ ಪರೀಕ್ಷೆ ನಮ್ಮ ಬೀದಿಯಲ್ಲೇ ನಡೆಯಿತು, ಅದೇ ತಪ್ಪಾಯಿತು. ಬೀದಿಯಲ್ಲಿ ಆ ಬೆಳಿಗ್ಗೆ ಮಾವ ಪಾವು ಹಾಸಿದ್ದರು. ಸೀರೆಯ ಉದ್ದದ ನೂಲನ್ನೆಲ್ಲ ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚಿ ಒಣಗಿಸುವುದಕ್ಕೆ ಹಾಗೆನ್ನುತ್ತೇವೆ. ಇಂಜಿನ್ನು ಗುಡುಗಿತು, ಪಂಪು ಟಕಟಕ ಎಂದಿತು, ಸರಿಯಾಗಿ ಸಿಕ್ಕಿಸದ ಕೊಳವೆ ಚಕ್ರದಿಂದ ಕಿತ್ತುಕೊಂಡು ಹಾವಿನಂತೆ ನೆಲದಲ್ಲಿ ಹೊರಳಾಡಿ ಬೀದಿಯ ಧೂಳನ್ನೆಲ್ಲ ಎಬ್ಬಿಸಿತು. ಹಸಿ ಗಂಜಿಯ ಮೇಲೆ ಧೂಳು ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ಅಂದು ನೋಡಿದೆ. ಬಿಳಿ ಪಾವು ಎಮ್ಮೆಯ ಬಣ್ಣಕ್ಕೆ ತಿರುಗಿತು.

ಮಾವ ಕೂಗಾಡಲಿಲ್ಲ. ಗಂಜಿ ಹಚ್ಚುವ ಕುಂಚ ಕೆಳಗಿಟ್ಟು ಮಗನನ್ನು ಕರೆದರು.

"ಲೇ, ಬಾ ಇಲ್ಲಿ. ಬರೋ ತಿಂಗಳು ಚಿನ್ನಪ್ಪನ ಮದುವೆ ಐತೆ. ಮದುಮಗ ಮಾಪ್ಳೆನೂ ಮದುವೆ ಸೀರೆನೂ ಮುಹೂರ್ತಕ್ಕೆ ಮುಂಚೆ ನಿನ್ನ ಗಾಡಿ ಎಣ್ಣಿನ ಮನೆ ಬಾಗಿಲಿಗೆ ತಂದು ನಿಲ್ಲಿಸ್ತು ಅಂದ್ರೆ, ಸಾಯೋವರೆಗೂ ನಾನು ಗಾಡಿ ಬಗ್ಗೆ ಬಾಯಿ ತೆಗೆಯಲ್ಲ. ನಿಲ್ಲಿಸ್ಲಿಲ್ಲ ಅಂದ್ರೆ ಮೂಲೆ ಮಗ್ಗದ ಗುಂಡಿ ನಿನಗೆ ಕಾಯ್ತಾ ಐತೆ. ಏನಂತೀಯ?"

"ಸರಿ ಅಪ್ಪ" ಎಂದು ಇವರು ಒಳಗೆ ಹೋಗಿ ಮಗ್ಗದ ಮರ ಮುಟ್ಟಿದರು. ನಮ್ಮಲ್ಲಿ ಮಗ್ಗ ಮುಟ್ಟಿ ಆಡಿದ ಮಾತಿಗೆ ತಿದ್ದುಪಡಿ ಇಲ್ಲ.

ಚಿನ್ನಪ್ಪನ ಹುಡುಗಿ ಗೌರಿ ನಲ್ಲಂಪಳ್ಳಿಯಿಂದ ಒಳಗೆ ಹಳ್ಳ ದಾಟಿ ಆರು ಮೈಲಿ ಕಲ್ಲುದಾರಿಯಲ್ಲಿ ಇರುವ ಹಳ್ಳಿಯವಳು. ನಮ್ಮ ಮನೆಯ ಪದ್ಧತಿಯಲ್ಲಿ ಮದುವೆ ಸೀರೆಯನ್ನು ಗಂಡಿನ ತಂದೆಯೇ ನೇಯಬೇಕು. ಮಗ್ಗದಿಂದ ಇಳಿಸಿದ ಮೇಲೆ ಅದಕ್ಕೆ ಕತ್ತರಿ ತಾಗಿಸಬಾರದು. ಸೆರಗಿನ ಕೊನೆಯಲ್ಲಿ ನೇಯದೆ ಬಿಟ್ಟ ನೂಲಿನ ಜಾಲರಿ ಹಾಗೇ ಇರಬೇಕು. ತಾಳಿ ಕಟ್ಟಿದ ಮೇಲೆ ಹಿರಿಯ ಸೊಸೆ, ಅಂದರೆ ನಾನು, ಅದಕ್ಕೆ ಕುಚ್ಚು ಕಟ್ಟಬೇಕು. ಮಾವ ಆ ಸೀರೆಗೆ ಇಪ್ಪತ್ತು ದಿನ ಕೂತರು. ಅರಿಶಿನ ಬಣ್ಣದ ರೇಷ್ಮೆ, ಕುಂಕುಮ ಬಣ್ಣದ ಸೆರಗು.

ಮದುವೆಯ ಮುನ್ನಾದಿನ ನಂಟರೆಲ್ಲ ಬಸ್ಸು, ಗಾಡಿಗಳಲ್ಲಿ ಮುಂದೆ ಹೋದರು. ಹಿಂದುಳಿದ ನಾನು ಮನೆಯ ಹಿತ್ತಾಳೆಯನ್ನೆಲ್ಲ ಹಿತ್ತಲಿಗೆ ಹಾಕಿಕೊಂಡು ಉಜ್ಜಿದೆ. ಉಜ್ಜುವಾಗ ಆ ಮರದ ಪೆಟ್ಟಿಗೆಯ ನೆನಪಾಯಿತು. ಮದುವೆ ಮನೆಯ ಬಾಗಿಲಲ್ಲಿ ನಿಲ್ಲುವ ಕಾರಿನಲ್ಲಿ ಇಷ್ಟು ಕೊಳಕು ಹಿತ್ತಾಳೆ ಇದ್ದರೆ ಗೌರಿಯ ಕಡೆಯವರು ಏನೆಂದುಕೊಂಡಾರು? ಪಂಪನ್ನು ಹಿತ್ತಲಿಗೆ ತಂದು ತೊಳೆದೆ. ಹೊರಗಡೆಗೆ ಮಾತ್ರ ಎಂದು ಶುರು ಮಾಡಿದೆ, ಆದರೆ ಒಳಗೂ ಜಿಡ್ಡಿತ್ತು. ಹುಣಸೆಹಣ್ಣು ಬೂದಿ ಕಲಸಿದ ನೀರು ಹುಯ್ದು ಚೆನ್ನಾಗಿ ಕುಲುಕಿದೆ. ಬಿಸಿಲಿಗೆ ಒಣಗಿಸಿ ಮತ್ತೆ ಪೆಟ್ಟಿಗೆಯಲ್ಲಿಟ್ಟೆ. ಬಂಗಾರದಂತೆ ಹೊಳೆಯುತ್ತಿತ್ತು.

ಇನ್ನೊಂದೂ ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ಲಾಡು ತುಂಬಿದ ಡಬ್ಬಕ್ಕೆ ಜಾಗ ಸಾಲದೆಂದು ಕೈಪಂಪನ್ನು ಕಾರಿನಿಂದ ಇಳಿಸಿ ಮಗ್ಗದ ಹಿಂದೆ ನಿಲ್ಲಿಸಿದೆ. ಡಬ್ಬ ಅಷ್ಟೇನೂ ದೊಡ್ಡದಿರಲಿಲ್ಲ. ಆ ಪಂಪಿನ ಮುಖ ನೋಡಲು ನನಗೆ ಇಷ್ಟವಿರಲಿಲ್ಲ.

ಕೋಳಿ ಕೂಗುವಾಗ ಹೊರಟೆವು. ಮುಂದೆ ಇವರು ಮತ್ತು ಮಾವ. ಹಿಂದೆ ಪೇಟ ಕಟ್ಟಿದ ಚಿನ್ನಪ್ಪ, ಸೀರೆಯ ಟ್ರಂಕನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡ ಅತ್ತೆ, ಲಾಡಿನ ಡಬ್ಬ, ನಾನು. ಓಮಲೂರು ದಾಟಿ ತೊಪ್ಪೂರು ಘಾಟ್ ಹತ್ತುವಾಗ ಇಂಜಿನ್ನಿನ ನೀರು ಕುದಿಯಿತು, ಅದು ಲೆಕ್ಕಕ್ಕಿಲ್ಲ, ಅದು ದಿನವೂ ಕುದಿಯುತ್ತಿತ್ತು. ಒಂಬತ್ತು ಗಂಟೆಗೆ ಹಳ್ಳದ ದಂಡೆಯಲ್ಲಿದ್ದೆವು. ಮುಹೂರ್ತ ಹತ್ತೂವರೆಗೆ.

ಇವರು ಇಳಿದು ನಾಲ್ಕು ಚಕ್ರದ ಗಾಳಿ ಬಿಡತೊಡಗಿದಾಗ ಮಾವ ಆಕಾಶ ನೋಡಿದರು. "ಇರೋ ಗಾಳಿನೂ ಬಿಡ್ತಾನಲ್ಲಪ್ಪ ಇವನು!"

"ಸುಮ್ನೆ ಕೂತ್ಕೋ ಅಪ್ಪ."

ಕೂತರು. ಕಾರು ಅಷ್ಟಗಲ ಮರಳಿನ ಮೇಲೆ ಬೆಣ್ಣೆಯ ಮೇಲಿನ ಚಾಕುವಿನಂತೆ ಜಾರಿಕೊಂಡು ಆಚೆ ದಡ ಹತ್ತಿತು. ಮಾವನ ಹುಬ್ಬು ಸ್ವಲ್ಪ ಮೇಲೇರಿದ್ದನ್ನು ನಾನು ಹಿಂದಿನಿಂದಲೂ ಕಂಡೆ. ಇವರು ಗತ್ತಿನಿಂದ ಬಾನೆಟ್ ಎತ್ತಿ, ಪ್ಲಗ್ಗು ಬಿಚ್ಚಿ, ಪಂಪು ತಿರುಪಿ, ಇಂಜಿನ್ನು ಚಾಲೂ ಮಾಡಿದರು. ಪಂಪು ಕುಣಿಯಿತು. ಚಕ್ರ ಏಳಲಿಲ್ಲ. ಕೊಳವೆಯ ತುದಿಯಲ್ಲಿ ಮುದುಕನ ಉಸಿರಿನಷ್ಟು ಗಾಳಿ ಬರುತ್ತಿತ್ತು. ಮೂರು ಸಲ ಬಿಚ್ಚಿ ಮೂರು ಸಲ ಹಾಕಿದರು.

"ಕೈಪಂಪು ತಾರೇ" ಎಂದರು ನನಗೆ.

"ಮನೇಲೈತೆ" ಎಂದೆ.

ಅವರು ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ.

"ಅಣ್ಣ, ನಾನು ನಡ್ಕೊಂಡು ಓಗ್ಲಾ?" ಎಂದು ಚಿನ್ನಪ್ಪ ಪೇಟ ಸರಿಮಾಡಿಕೊಳ್ಳುತ್ತ ಕೇಳಿದ.

"ಆರು ಮೈಲಿ ನಡ್ಕೊಂಡು, ಧೂಳು ಮೆತ್ಕೊಂಡು ತಾಳಿ ಕಟ್ತೀಯೇನೋ?" ಎಂದರು ಅತ್ತೆ. "ಅಷ್ಟೊತ್ತಿಗೆ ಮುಹೂರ್ತ ಮುಗ್ದು ಅವರೆಲ್ಲ ಊಟಕ್ಕೆ ಕೂತಿರ್ತಾರೆ."

ಇವರು ಪಂಪನ್ನು ಬಿಚ್ಚಿ ಕೊಂತವನ್ನು ಹೊರಗೆಳೆದರು. ಕೊಂತದ ತಲೆಯಲ್ಲಿದ್ದ ತೊಗಲು ಹಪ್ಪಳದಂತೆ ಒಣಗಿ ಮುರುಟಿಕೊಂಡು ಸುತ್ತಲೂ ಬಿರುಕು ಬಿಟ್ಟಿತ್ತು. ನನಗೆ ಆಗ ಗೊತ್ತಾಯಿತು, ಒಳಗಿದ್ದದ್ದು ಕೊಳಕು ಜಿಡ್ಡಲ್ಲ, ತೊಗಲು ಮೆದುವಾಗಿರಲೆಂದು ಫಿಟ್ಟರ್ ಹಾಕಿದ್ದ ಎಣ್ಣೆ. ಇವರು ಅದನ್ನು ಕೈಯಲ್ಲಿ ಹಿಡಿದುಕೊಂಡು ಹಳ್ಳದ ದಂಡೆಯ ಮೇಲೆ ಕುಸಿದು ಕೂತರು. ಎಡಪ್ಪಾಡಿಯ ಮೂಲೆ ಮಗ್ಗದ ಗುಂಡಿ ಅವರ ಕಣ್ಣಿನಲ್ಲಿ ನನಗೆ ಕಾಣುತ್ತಿತ್ತು.

ಮಾವ ಕಾರಿನಿಂದ ಇಳಿದರು. "ಕೊಡು ಇಲ್ಲಿ."

ತೊಗಲನ್ನು ಬೆರಳಲ್ಲಿ ಉಜ್ಜಿದರು. ಮೂಗಿನ ಹತ್ತಿರ ಹಿಡಿದರು. ಆಮೇಲೆ ನಿಧಾನವಾಗಿ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಲಾಡಿನ ಡಬ್ಬವನ್ನು ನೋಡಿದೆ.

"ಇದು ಸಂದು ಬಿಟ್ಟೈತೆ, ಗಾಳಿ ಪಕ್ಕದಲ್ಲಿ ಓಗ್ತೈತೆ. ಅಷ್ಟೇ ತಾನೇ?" ಎಂದು ಮಗನನ್ನು ಕೇಳಿದರು. "ನೂಲು ತಗೊಂಬಾ, ಸುತ್ತಿದ್ರೆ ಆಯ್ತು."

ನೂಲೆಲ್ಲಿದೆ? ಮಗ್ಗದ ಮನೆಯ ಐದು ಜನ ಇದ್ದೆವು, ಕಾರಿನಲ್ಲಿ ಒಂದು ಮೊಳ ಬಿಡಿ ನೂಲು ಇರಲಿಲ್ಲ. ಮಾವನ ಕಣ್ಣು ಅತ್ತೆಯ ತೊಡೆಯ ಮೇಲಿನ ಟ್ರಂಕಿಗೆ ಹೋಯಿತು. ಅತ್ತೆ ಎರಡು ಕೈಯಲ್ಲೂ ಅದನ್ನು ಅಪ್ಪಿಕೊಂಡರು.

"ಮಾಟ್ಟೇನ್! ಕೊಡಲ್ಲ. ಮದುವೆ ಸೀರೆಗೆ ಕತ್ತರಿ ಇಡ್ತೀಯಾ? ಬುದ್ಧಿ ಐತಾ ನಿನಗೆ?"

"ಕತ್ತರಿ ಯಾರಿಟ್ರು? ತೆಗಿಯೇ."

ಟ್ರಂಕು ತೆಗೆಸಿ, ಸೆರಗಿನ ತುದಿಯ ಜಾಲರಿಯಿಂದ ಒಂದು ಹಿಡಿ ಎಳೆ ಬೇರೆ ಮಾಡಿ, ಬಾಗಿ ಹಲ್ಲಿನಿಂದ ಕಚ್ಚಿ ಕತ್ತರಿಸಿದರು. ಜೀವಮಾನವೆಲ್ಲ ನೂಲು ಕಚ್ಚಿದ ಹಲ್ಲು, ಕತ್ತರಿಗಿಂತ ನೇರ ಬಂತು. ಪದ್ಧತಿಗೂ ಭಂಗವಾಗಲಿಲ್ಲ. ಮದುಮಗನ ಎಣ್ಣೆಶಾಸ್ತ್ರಕ್ಕೆ ತಂದಿದ್ದ ಹರಳೆಣ್ಣೆಯಲ್ಲಿ ಎಳೆಗಳನ್ನು ಅದ್ದಿದರು. ಇವರು ಇಂಜಿನ್ನಿನ ಕಡೆ ಹೋದರು. ಮಾವ ನನ್ನನ್ನು ಕರೆದು, "ಕೊಂತ ಗಟ್ಟಿಯಾಗಿ ಇಡ್ಕೋ" ಎಂದರು.

ಹಿಡಿದೆ. ಅವರು ತೊಗಲಿನ ಕೆಳಗಿನ ಕಚ್ಚಿನಲ್ಲಿ ಎಳೆಯ ಪಕ್ಕಕ್ಕೆ ಎಳೆ ಕೂರಿಸುತ್ತ ಸುತ್ತತೊಡಗಿದರು. ಒಂದರ ಮೇಲೊಂದು ಹತ್ತಲಿಲ್ಲ, ನಡುವೆ ಕೂದಲು ಹೋಗುವಷ್ಟು ಜಾಗ ಬಿಡಲಿಲ್ಲ. ಸುತ್ತುತ್ತಲೇ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಕೇಳಿದರು.

"ಉಣಸೆಹಣ್ಣಾ?"

"ಊಂ ಮಾವ."

"ಬೂದಿನೂವಾ?"

"ಬೂದಿನೂ."

ಇನ್ನೆರಡು ಸುತ್ತು ಸುತ್ತಿದರು. "ಚೆನ್ನಾಗಿ ಒಳೀತೈತೆ" ಎಂದರು.

ಗಂಟು ಹಾಕಿ ಎದ್ದು, ಆಮೇಲೆ ಹಳ್ಳಕ್ಕೆಲ್ಲ ಕೇಳುವಂತೆ ಹೇಳಿದರು. "ಲೇ, ನಿನ್ನ ಸೇಲಂ ಫಿಟ್ಟರ್ ನಿನಗೆ ಕೊಳೆತ ತೊಗಲು ಕೊಟ್ಟವ್ನೆ ಕಣೋ. ನೋಡಿ ತರಬಾರದಾ?"

ನನ್ನ ಕೈಯಲ್ಲಿದ್ದ ಕೊಂತ ಬೀಳುವುದೊಂದು ಬಾಕಿ.

ಪಂಪು ಕೂರಿಸಿ ಇಂಜಿನ್ನು ಓಡಿಸಿದರು. ಮೂರು ಕಾಲಿನ ಆ ಕುಂಟು ಸದ್ದಿಗೆ ಮಾವ ಕಿವಿಗೊಟ್ಟು, "ಒಂದು ಕಾಲುಮಣೆ ಕಿತ್ತೋದ ಮಗ್ಗ ಇಂಗೇ ಆಡ್ತೈತೆ" ಎಂದರು. ಚಕ್ರ ಎದ್ದಿತು. ಒಲೆಯ ಮೇಲಿನ ಪೂರಿಯಂತೆ, ನೋಡುತ್ತಿದ್ದ ಹಾಗೇ. ಎರಡನೆಯದೂ ಎದ್ದಿತು. ಮೂರನೆಯದು ಮುಗಿಯುವಾಗ ಪಂಪು ಮುಟ್ಟಲಾರದಷ್ಟು ಕಾದು ಸುಟ್ಟ ಹರಳೆಣ್ಣೆಯ ವಾಸನೆ ಬಂತು. ಅತ್ತೆ ಮೂಗು ಮುಚ್ಚಿಕೊಂಡು, "ನನ್ನ ಸೊಸೆ ಸೀರೆ ಬೇಯ್ತಾ ಐತೆ" ಎಂದರು. ನಾಲ್ಕನೆಯದೂ ತುಂಬಿತು. ಇವರು ಪ್ರತಿ ಚಕ್ರಕ್ಕೂ ಒಂದೊಂದು ಒದೆ ಕೊಟ್ಟು ನೋಡಿದರು. ಹಿಂದಿನದಕ್ಕೆ ಮಾವನೂ ಒಂದು ಒದ್ದರು.

ಹೆಣ್ಣಿನ ಮನೆಯ ಚಪ್ಪರದ ಬಾಗಿಲಿಗೆ ಕಾರು ನಿಂತಾಗ ಪುರೋಹಿತರು ಹುಡುಗಿಯ ತಂದೆಯ ಮುಖ ನೋಡುತ್ತ, "ಸೀಕ್ರಂ, ಸೀಕ್ರಂ" ಎನ್ನುತ್ತಿದ್ದರು. ಮುಹೂರ್ತಕ್ಕೆ ಇನ್ನು ಹತ್ತು ನಿಮಿಷ. ಗೌರಿ ಸೀರೆ ಉಟ್ಟು ಬಂದಳು, ಚಿನ್ನಪ್ಪ ತಾಳಿ ಕಟ್ಟಿದ. ನಾನು ಕುಚ್ಚು ಕಟ್ಟಲು ಕೂತಾಗ ಒಂದು ಗೇಣು ಜಾಗದಲ್ಲಿ ನೂಲೇ ಇಲ್ಲ. ಪಕ್ಕದ ಕುಚ್ಚುಗಳನ್ನು ಅಗಲ ಮಾಡಿ ಮುಚ್ಚಿದೆ. ಗೌರಿ ಅದನ್ನು ಮೂರನೇ ದಿನವೇ ಕಂಡುಹಿಡಿದಳು. "ಅಕ್ಕ, ನನ್ನ ಸೆರಗಿಗೆ ಹಲ್ಲು ಬಿದ್ದೈತೆ" ಎಂದು ನಲವತ್ತು ವರ್ಷ ನನ್ನನ್ನು ಆಡಿಸಿದಳು. ಹಲ್ಲು ಬಿದ್ದದ್ದು ನಿಜವೇ, ಯಾರ ಹಲ್ಲೆಂದು ನಾನು ಹೇಳಲಿಲ್ಲ.

ಮಾವ ಮಾತು ಉಳಿಸಿಕೊಂಡರು. ಆಮೇಲೆ ಕಾರಿನ ಬಗ್ಗೆ ಒಂದು ಸೊಲ್ಲೆತ್ತಲಿಲ್ಲ. ಮೂಲೆ ಮಗ್ಗಕ್ಕೆ ಗೌರಿಯ ತಮ್ಮ ಬಂದು ಕೂತ. ಇವರು ಇನ್ನೂ ಹದಿನಾಲ್ಕು ವರ್ಷ ಆ ಕಾರನ್ನು ಹಳ್ಳ ಕೊಳ್ಳ ಹತ್ತಿಸಿ ಇಳಿಸಿದರು. ಪಂಪಿಗೆ ಮತ್ತೆ ತೊಗಲು ಹಾಕಿಸಲಿಲ್ಲ. ನೂಲು ಸವೆದಾಗಲೆಲ್ಲ ಪಂಪನ್ನು ತಂದು ಮಗ್ಗದ ಪಕ್ಕ ಇಡುತ್ತಿದ್ದರು. ಮಾವ ನೇಯುವುದು ನಿಲ್ಲಿಸಿ, ಸುತ್ತಿ, ಹಲ್ಲಿನಲ್ಲಿ ಕಚ್ಚಿ ಕೊಡುತ್ತಿದ್ದರು. ಕೊಡುವಾಗ ಒಂದೊಂದು ಸಲ ಅಡಿಗೆಮನೆಯ ಕಡೆ ತಿರುಗಿ, "ಏನಮ್ಮಾ, ಸಾರಿಗೆ ಉಣಸೆಹಣ್ಣು ಐತಾ, ಇಲ್ಲಾ ಎಲ್ಲಾ ಮುಗೀತಾ?" ಎಂದು ಕೇಳುತ್ತಿದ್ದರು. ಮನೆಯಲ್ಲಿ ಬೇರೆ ಯಾರಿಗೂ ಆ ಪ್ರಶ್ನೆ ಅರ್ಥವಾಗಲಿಲ್ಲ.

ಪಾಪ, ಆ ಫಿಟ್ಟರ್. ಇವರು ಹೋದಲ್ಲೆಲ್ಲ ಅವನನ್ನು ಬೈದರು. ಅವನು ಒಂದು ಸಲ ಏನೋ ಕೆಲಸಕ್ಕೆ ಎಡಪ್ಪಾಡಿಗೆ ಬಂದವನು ನಮ್ಮ ಮನೆಗೂ ಬಂದ. ಇವರು ಮುಖ ತಿರುಗಿಸಿಕೊಂಡು ಕೂತರು. ನಾನು ಅವನಿಗೆ ಮೂರು ಸಲ ಪಾಯಸ ಬಡಿಸಿದೆ. ಸಾಕಮ್ಮಾ ಎಂದು ಎಲೆಗೆ ಕೈ ಅಡ್ಡ ಹಿಡಿದ. ಕೈಯ ಮೇಲೆಯೇ ಹುಯ್ದೆ.

ಇಷ್ಟನ್ನೂ ಸೆಲ್ವಿ ಕೈಯಲ್ಲಿ ಪಂಪು ಹಿಡಿದುಕೊಂಡೇ ಕೇಳಿದಳು. ಮೂಗಿಗೆ ಹತ್ತಿರ ಹಿಡಿದು ನೋಡಿದಳು, ಉಪ್ಪಿನಕಾಯಿ ವಾಸನೆ ಬಿಟ್ಟು ಬೇರೇನೂ ಇರಲಿಲ್ಲವಂತೆ. ಮತ್ತೆ ಭರಣಿಯ ಮೇಲಿಟ್ಟಳು.

"ಅದ್ಸರಿ ಅಜ್ಜಿ, ತಾತನಿಗೆ ನೀನು ಕಡೇವರೆಗೂ ನಿಜ ಏಳ್ಲೇ ಇಲ್ವಾ?"

"ಇಲ್ಲ."

"ಯಾಕೆ? ಬೈತಾರೆ ಅಂತಾನಾ?"

"ಬೈದ್ರೆ ಬೈಕೊಳ್ಲಿ, ಅದಕ್ಯಾರು ಎದರ್ತಾರೆ? ಇಂಜಿನ್ ಪಂಪು ಇವಳ ಕೈಗೆ ಸಿಕ್ರೆ ಉಳಿಯಲ್ಲ ಅಂತ, ಮತ್ತೆ ಆ ಕೈಪಂಪು ತಂದು ನನ್ನ ಕೈಗೇ ಕೊಡ್ತಿದ್ರು ಕಣೇ."